ಬಂದರಿನಿಂದ ಎರಿ ಹೊಲದವರೆಗೆ: ರಸ್ತೆ ಕೆಲಸದ ದೊಡ್ಡ ಯಂತ್ರ ತರುವುದು ಹೇಗೆ?

ವಿಜಯಪುರ–ಸೋಲಾಪುರ ಹೆದ್ದಾರಿಯಲ್ಲಿ ಝಳಕಿ ದಾಟಿ ಬಲಕ್ಕೆ ಹೊರಳಿದರೆ ಒಂದು ಹಳ್ಳಿ ಸಿಗುತ್ತದೆ. ಊರ ಬಾಯಲ್ಲಿ ಸಿಮೆಂಟಿನ ಸ್ವಾಗತ ಕಮಾನು. ಮುಂಬೈ ಕಡೆಯ ಬಂದರಿನಿಂದ ಐನೂರು ಕಿಲೋಮೀಟರ್ ಸುಸೂತ್ರವಾಗಿ ಬಂದ ನಮ್ಮ ಲೋಬೆಡ್ (ತಗ್ಗಿನ ಹಾಸಿನ ಟ್ರೇಲರ್) ಗಾಡಿ ಒಂದು ಮಧ್ಯಾಹ್ನ ಆ ಕಮಾನಿನ ಮುಂದೆ ನಿಂತುಬಿಟ್ಟಿತು. ಕಮಾನಿನ ಎತ್ತರ 4.2 ಮೀಟರ್. ಗಾಡಿ ಮೇಲಿದ್ದ, ಹಳೇ ಡಾಂಬರು ಕೆರೆದು ತೆಗೆಯುವ ಮಿಲ್ಲಿಂಗ್ ಯಂತ್ರದ ತಲೆ 4.3 ಮೀಟರ್. ಒಂದು ಗೇಣಿಗೂ ಕಡಿಮೆ ಅಂತರ.

‘ಮುಂದ ಹೋಗಾಕ ಆಗಂಗಿಲ್ಲ, ಹೊಳ್ಳಸಾಕ ಜಾಗಾ ಇಲ್ಲ. ಇದನ್ನ ಮೊದಲ ನೋಡಬೇಕಿತ್ರಿ ಸಾಹೇಬ್ರ’ ಎಂದರು ಡ್ರೈವರ್ ಚಾಚಾ. ಅವರ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಹೆದ್ದಾರಿಯನ್ನೆಲ್ಲ ಅಳೆದಿದ್ದೆ, ಕೊನೆಯ ಒಂಬತ್ತು ಕಿಲೋಮೀಟರ್ ಅಳೆದಿರಲಿಲ್ಲ. ಗಾಡಿಯನ್ನು ಎರಡು ಕಿಲೋಮೀಟರ್ ಹಿಮ್ಮುಖವಾಗಿ ತಂದು, ಯಂತ್ರ ಇಳಿಸಿ, ಹೊಲದ ದಾರಿಯಲ್ಲಿ ನಡೆಸಿಕೊಂಡು ಹೋಗುವಷ್ಟರಲ್ಲಿ ಎರಡು ದಿನ ಹೋದವು. ನಮ್ಮ ಭಾಗದ ಗುತ್ತಿಗೆದಾರರು, ಹೊಸದಾಗಿ ಈ ವ್ಯವಹಾರಕ್ಕೆ ಇಳಿದ ಹುಡುಗರು ಆ ಎರಡು ದಿನ ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಇದೇ ಸೋಲಾಪುರ–ವಿಜಯಪುರ ರಸ್ತೆಯಲ್ಲಿ 2021ರ ಫೆಬ್ರುವರಿಯಲ್ಲಿ 18 ಗಂಟೆಯಲ್ಲಿ 25.54 ಕಿ.ಮೀ. ಉದ್ದದ ಒಂದು ಲೇನ್ ಡಾಂಬರು ಹಾಕಿದರು. ಅಂಥ ಕೆಲಸಕ್ಕೆ ಡಾಂಬರು ಹಾಸುವ ಪೇವರ್, ಮಿಲ್ಲಿಂಗ್ ಯಂತ್ರ, ದೊಡ್ಡ ರೋಲರ್ ಬೇಕು. ಕೆಲವು ನಮ್ಮಲ್ಲೇ ತಯಾರಾಗುತ್ತವೆ, ಕೆಲವು ಸಮುದ್ರ ದಾಟಿ ಬರುತ್ತವೆ.

ಮೊದಲು ಟೇಪು ಹಿಡಿಯಿರಿ

ಯಂತ್ರ ಹಡಗು ಹತ್ತುವ ಮೊದಲೇ ನಿಮ್ಮ ಕೆಲಸ ಶುರು. ಕಂಪನಿಯ ಪುಸ್ತಕದಲ್ಲಿ ಎರಡು ಬಗೆಯ ಅಳತೆ ಇರುತ್ತದೆ: ಕೆಲಸ ಮಾಡುವಾಗಿನದು, ಸಾಗಿಸುವಾಗಿನದು. ನಿಮಗೆ ಬೇಕಾದದ್ದು ಎರಡನೆಯದು. ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ಹಳೇ ಯಂತ್ರವಾದರೆ ಹಿಂದಿನ ಮಾಲೀಕರು ಪಕ್ಕಕ್ಕೆ ಓಡಾಡುವ ಹಲಗೆ, ಮೇಲೆ ದೀಪದ ಕಂಬ ಕೂಡಿಸಿರಬಹುದು. ಟೇಪು ಹಿಡಿದ ಫೋಟೊ ಕಳಿಸಲು ಹೇಳಿ: ಸೈಲೆನ್ಸರ್ ತುದಿಯವರೆಗಿನ ಎತ್ತರ, ಅತಿ ಹೊರಗೆ ಚಾಚಿದ ಭಾಗದ ಅಗಲ. ಮೇಲ್ಛಾವಣಿ ಮಡಚುತ್ತದೆಯೇ, ಕನ್ವೇಯರ್ ಬಿಚ್ಚಲು ಬರುತ್ತದೆಯೇ ಎಂದೂ ಕೇಳಿ.

ಈಗ ಕೂಡುವ ಲೆಕ್ಕ. ಪೇವರಿನ ಎತ್ತರ 3.1 ಮೀಟರ್ ಎಂದಿಟ್ಟುಕೊಳ್ಳಿ. ಲೋಬೆಡ್ಡಿನ ಹಾಸು ನೆಲದಿಂದ ಒಂದು ಮೀಟರ್. ಅಲ್ಲಿಗೆ 4.1 ಆಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 93ನೇ ನಿಯಮದಂತೆ ಸಾಮಾನ್ಯ ಸರಕು ಗಾಡಿಯ ಅಗಲ 2.6 ಮೀಟರ್, ಎತ್ತರ 4 ಮೀಟರ್ ಮೀರುವಂತಿಲ್ಲ. ಮೀರಿದರೆ ಅದು ‘ಓಡಿಸಿ’ (ODC, ಓವರ್ ಡೈಮೆನ್ಷನಲ್ ಕಾರ್ಗೋ). ಲಾರಿ ಜನರ ಬಾಯಲ್ಲಿ ಅಳತೆ ಮೀರಿದ ಸರಕಿಗೆ ಇದೇ ಹೆಸರು.

ಭಾರದ ಲೆಕ್ಕ ಬೇರೆ. 2018ರ ಪರಿಷ್ಕರಣೆಯಂತೆ ಸ್ಟಿಯರಿಂಗ್ ಆಕ್ಸಲ್‌ಗೆ 7 ಟನ್, ಹಿಂದಿನ ಜೋಡಿ ಆಕ್ಸಲ್‌ಗೆ 21 ಟನ್, ಟ್ರೇಲರಿನ ಮೂರು ಆಕ್ಸಲ್‌ಗೆ 27 ಟನ್; ಒಟ್ಟು 55. ಇದರಲ್ಲಿ ಗಾಡಿಯ ಸ್ವಂತ ಭಾರವೇ ಇಪ್ಪತ್ತು ಟನ್ನಿನ ಆಸುಪಾಸು. ಮೂವತ್ತು ಟನ್ನಿನ ಮಿಲ್ಲಿಂಗ್ ಯಂತ್ರ ಭಾರದಲ್ಲಿ ಪಾಸಾಗಿ ಎತ್ತರದಲ್ಲಿ ಫೇಲಾಗುವುದು ಹೀಗೆ. ಭಾರವೂ ಮೀರಿದರೆ ಹೆಚ್ಚು ಆಕ್ಸಲ್ ಇರುವ ಹೈಡ್ರಾಲಿಕ್ ಟ್ರೇಲರ್ ತರಿಸಬೇಕು. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000. ಸರಕು ಮೈಯಿಂದ ಹೊರಗೆ ಚಾಚಿದ್ದಕ್ಕೆ ಬೇರೆಯೇ 20,000.

ಭಾರ ಸಾಗಿಸುವ ಈ ಲೆಕ್ಕ ನಮ್ಮೂರಿಗೆ ಹೊಸದಲ್ಲ. ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ 55 ಟನ್ ಎನ್ನುತ್ತಾರೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ತೋಪು 1632ರಲ್ಲಿ ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ಬಂತು. ನಾನೂರು ಎತ್ತು, ಹತ್ತು ಆನೆ ಎಳೆದವೆಂಬ ಮಾತು ಇಂದಿಗೂ ಇದೆ. ಬುರುಜಿನ ಮೆಟ್ಟಿಲು ಹತ್ತಿದಾಗಲೆಲ್ಲ ನನಗೆ ತೋಪಿಗಿಂತ ಅದನ್ನು ತಂದವರ ನೆನಪೇ ಬರುತ್ತದೆ. ಯಾವ ಹಳ್ಳ ದಾಟಿದರೋ, ಎಲ್ಲಿ ಕೆಸರಲ್ಲಿ ನಿಂತರೋ.

ಯಾವ ಬಂದರು, ಯಾವ ದಾರಿ

ಬೆಳಗಾವಿಯವರಿಗೆ ಹತ್ತಿರದ ಬಂದರು ಮುರ್ಮುಗೋವಾ, ನೂರೈವತ್ತು ಕಿಲೋಮೀಟರಿನ ಆಸುಪಾಸು. ಆದರೆ ನಡುವೆ ಸಹ್ಯಾದ್ರಿ ನಿಂತಿದೆ. ಚೋರ್ಲಾ ಘಾಟಿನ ತಿರುವುಗಳನ್ನು ಉದ್ದದ ಲೋಬೆಡ್‌ಗೆ ನಾನು ಯಾರಿಗೂ ಹೇಳುವುದಿಲ್ಲ. ಅನಮೋಡ ಘಾಟ್, ಅಂದರೆ ಮೊಲೆಂ–ರಾಮನಗರ–ಖಾನಾಪುರ ದಾರಿ ಅದಕ್ಕಿಂತ ವಾಸಿ. ಮಳೆಗಾಲದಲ್ಲಿ ಅಲ್ಲೂ ಮಣ್ಣು ಕುಸಿದು ಭಾರೀ ಗಾಡಿಗಳನ್ನು ನಿಲ್ಲಿಸಿದ್ದುಂಟು. ಇದರ ಮೇಲೆ, ನಿಮ್ಮ ಯಂತ್ರ ತರುವ ಹಡಗು ಅಲ್ಲಿಗೆ ಬರಬೇಕಲ್ಲ.

ಕಂಟೇನರ್ ಹಡಗುಗಳು ಹೆಚ್ಚಾಗಿ ಬರುವುದು ಮುಂಬೈ ಕಡೆಯ ನ್ಹಾವಾ ಶೇವಾ ಬಂದರಿಗೆ. ಅಲ್ಲಿಂದ ಬೆಳಗಾವಿಗೆ ಪುಣೆ–ಸಾತಾರಾ–ಕೊಲ್ಹಾಪುರ–ನಿಪ್ಪಾಣಿ ಮೂಲಕ ರಾಷ್ಟ್ರೀಯ ಹೆದ್ದಾರಿ 48. ವಿಜಯಪುರಕ್ಕೆ ಪುಣೆಯಿಂದ ಸೋಲಾಪುರ, ಆಮೇಲೆ ಹೆದ್ದಾರಿ 52. ಬಾಗಲಕೋಟೆಯವರು ಅದೇ 52ರಲ್ಲಿ ಮುಂದುವರಿದು ಕೊಲ್ಹಾರದ ಬಳಿ ಕೃಷ್ಣೆ ದಾಟಬೇಕು. ಮಂಗಳೂರಿಗೆ ಹಡಗು ಬಂದರೆ ಕರಾವಳಿಯಗುಂಟ ಅಂಕೋಲೆ, ಅರಬೈಲ್ ಘಾಟ್, ಯಲ್ಲಾಪುರ, ಹುಬ್ಬಳ್ಳಿ. ಘಾಟ್ ತಪ್ಪುವುದಿಲ್ಲ, ಯಾವ ಘಾಟ್ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ದೂರವಾದರೂ ಅಗಲದ ದಾರಿ ಆರಿಸಿ. ಉಳಿಸಿದ ಡೀಸೆಲ್ಲಿನ ದುಡ್ಡು ಒಂದು ತಿರುವಿನಲ್ಲಿ ಹೋಗಿಬಿಡುತ್ತದೆ.

ಆಮೇಲೆ ಜೀಪು ತೆಗೆದುಕೊಂಡು ಇಡೀ ದಾರಿ ಒಮ್ಮೆ ಓಡಾಡಿ. ಹೆದ್ದಾರಿಯ ಹೊಸ ಮೇಲ್ಸೇತುವೆಗಳ ಕೆಳಗೆ 5.5 ಮೀಟರ್ ಜಾಗ ಇರುತ್ತದೆ, ಅಲ್ಲಿ ಚಿಂತೆ ಕಡಿಮೆ. ಕಣ್ಣಿಡಬೇಕಾದದ್ದು ಹೆದ್ದಾರಿ ಬಿಟ್ಟ ಮೇಲೆ: ಊರಿನ ಕಮಾನು, ಹಳೇ ಕಲ್ಲಿನ ಮೋರಿ, ಆಲದ ಟೊಂಗೆ, ಜಾತ್ರೆಗೆ ಕಟ್ಟಿದ ಬ್ಯಾನರ್. ರೈಲ್ವೆ ಗೇಟಿನಲ್ಲಿ ಎರಡು ಅಪಾಯಗಳಿವೆ. ಮೇಲೆ ವಿದ್ಯುತ್ ತಂತಿಗಾಗಿ ಹಾಕಿದ ಹೈಟ್ ಗೇಜ್, ಕೆಳಗೆ ಹಳಿಯ ದಿಬ್ಬ. ಲೋಬೆಡ್ಡಿನ ಹೊಟ್ಟೆ ನೆಲಕ್ಕೆ ಹತ್ತಿರ ಇರುತ್ತದೆ. ದಿಬ್ಬಕ್ಕೆ ಹೊಟ್ಟೆ ತಾಗಿ ಹಳಿಯ ಮೇಲೆ ಕೂತರೆ ಮುಂದಿನದನ್ನು ಊಹಿಸಲೂ ಆಗದು. ಅನುಮಾನವಿದ್ದರೆ ರೈಲ್ವೆಯವರಿಗೆ ಮೊದಲೇ ಬರೆದು ಕೇಳಿ.

ತಂತಿಯ ಮಾತು

ಇದನ್ನು ನಿಧಾನವಾಗಿ ಓದಿ. ಲೈನಿನ ತಂತಿ ಬಿಸಿಲಿಗೆ ಹಿಗ್ಗಿ ಜೋತು ಬೀಳುತ್ತದೆ. ಬೆಳಗಿನ ಏಳು ಗಂಟೆಗೆ ಕಂಡ ಎತ್ತರ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡಕ್ಕೆ ಇರುವುದಿಲ್ಲ. ಆದ್ದರಿಂದ ನಾನು ಹಳ್ಳಿ ದಾರಿಯ ಸರ್ವೆಯನ್ನು ಉರಿಬಿಸಿಲಲ್ಲೇ ಮಾಡುತ್ತೇನೆ. ತಂತಿ ಅಳೆಯುವುದು ಲೈನ್‌ಮನ್ನರ ಕೆಲಸ. ಕಬ್ಬಿಣದ ಟೇಪು ಹಿಡಿದು ನೀವು ಏರಬೇಡಿ.

ನಮ್ಮಲ್ಲಿ ಕ್ಲೀನರ್ ಹುಡುಗನನ್ನು ಯಂತ್ರದ ಮೇಲೆ ಹತ್ತಿಸಿ, ಬಿದಿರು ಕೋಲಿನಿಂದ ತಂತಿ ಎತ್ತಿಸುವ ರೂಢಿ ಇದೆ. ದಯವಿಟ್ಟು ಇದನ್ನು ಬಿಡಿ. ಹಸಿ ಬಿದಿರಿನಲ್ಲಿ ಕರೆಂಟ್ ಹರಿಯುತ್ತದೆ. 11 ಕೆವಿ ಲೈನ್ ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಆ ಹುಡುಗನೂ ಒಂದು ಮನೆಯ ಮಗ. ಹೆಸ್ಕಾಂ ಸೆಕ್ಷನ್ ಆಫೀಸಿಗೆ ನಾಲ್ಕು ದಿನ ಮೊದಲು ಅರ್ಜಿ ಕೊಟ್ಟು, ಗಾಡಿ ದಾಟುವಷ್ಟು ಹೊತ್ತು ಲೈನ್ ಬಂದ್ ಮಾಡಿಸಿ. ಲೈನ್‌ಮನ್ ಎದುರಿಗೆ ನಿಂತು ‘ಬಂದ್ ಆಗೇತ್ರಿ’ ಎನ್ನುವವರೆಗೆ ಗಾಡಿ ಅಲುಗಬಾರದು.

ಕಾಗದಪತ್ರ

ಬಂದರಿನ ಕಾಗದಗಳನ್ನು ಕಸ್ಟಮ್ಸ್ ಬ್ರೋಕರ್ ನೋಡಿಕೊಳ್ಳುತ್ತಾರೆ: ಬಿಲ್ ಆಫ್ ಎಂಟ್ರಿ (ಆಮದು ಘೋಷಣೆ), ಸುಂಕ, ಐಜಿಎಸ್‌ಟಿ, ಹಡಗು ಕಂಪನಿಯ ಡೆಲಿವರಿ ಆರ್ಡರ್, ಕೊನೆಗೆ ಔಟ್ ಆಫ್ ಚಾರ್ಜ್, ಅಂದರೆ ಕಸ್ಟಮ್ಸ್‌ನವರ ಬಿಡುಗಡೆ ಆದೇಶ. ಹಳೇ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರವೂ ಬೇಕಾಗುತ್ತದೆ. ಉಚಿತ ದಿನ ಮುಗಿದ ಮೇಲೆ ಬಂದರಿನ ಬಾಡಿಗೆ ದಿನದಿನಕ್ಕೆ ಏರುವುದರಿಂದ ಹಡಗು ತಲುಪುವ ಮೊದಲೇ ಕಾಗದ ಸಿದ್ಧವಿರಲಿ.

ಓಡಿಸಿ ಪರವಾನಗಿ ಬೇರೆ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಸಾರಿಗೆ ಸಚಿವಾಲಯದ ಆನ್‌ಲೈನ್ ಅರ್ಜಿ ಇದೆ. ರಾಜ್ಯದ ರಸ್ತೆಗೆ ಆಯಾ ರಾಜ್ಯದವರನ್ನು ಕೇಳಬೇಕು. ಬಿಚ್ಚಲಾಗದ ಒಂದೇ ವಸ್ತುವಿಗೆ ಮಾತ್ರ ಈ ಪರವಾನಗಿ. ಜಾಗ ಇದೆಯೆಂದು ಪಕ್ಕದಲ್ಲಿ ಸಣ್ಣ ರೋಲರ್ ಏರಿಸಿದರೆ ಕಾಗದ ಕೆಲಸಕ್ಕೆ ಬಾರದು.

ಬಹಳ ಜನ ಎಡವುವುದು ಇ-ವೇ ಬಿಲ್‌ನಲ್ಲಿ, ಅಂದರೆ ಸರಕು ಸಾಗಣೆಯ ಜಿಎಸ್‌ಟಿ ಕಾಗದದಲ್ಲಿ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ ಅವಧಿ. ಅಳತೆ ಮೀರಿದ ಸರಕಿಗೆ 20 ಕಿಲೋಮೀಟರಿಗೆ ಒಂದು ದಿನ. ಅಂದರೆ 500 ಕಿಲೋಮೀಟರಿಗೆ ಸಾಮಾನ್ಯ ಬಿಲ್ಲಿನಲ್ಲಿ ಮೂರು ದಿನ, ಓಡಿಸಿ ಎಂದು ಗುರುತಿಸಿದರೆ ಇಪ್ಪತ್ತೈದು. ಗಾಡಿ ನಂಬರ್ ತುಂಬುವಲ್ಲಿ ಆ ಒಂದು ಆಯ್ಕೆ ಬಿಟ್ಟರೆ ಘಾಟಿನಲ್ಲಿ ಗಾಡಿ ನಿಂತಾಗ ಬಿಲ್ಲೂ ಮುಗಿದಿರುತ್ತದೆ.

ಏರಿಸುವುದು, ಕಟ್ಟುವುದು

ಕಬ್ಬಿಣದ ಟ್ರ್ಯಾಕ್ ಕಬ್ಬಿಣದ ಹಾಸಿನ ಮೇಲೆ ಸೋಪಿನಂತೆ ಜಾರುತ್ತದೆ, ಮಳೆ ಬಿದ್ದರಂತೂ ಕೇಳಬೇಡಿ. ನಡುವೆ ದಪ್ಪ ರಬ್ಬರ್ ಹಾಳೆ ಇಲ್ಲವೇ ಮರದ ಹಲಗೆ ಹಾಸಿ. ಯಂತ್ರವನ್ನು ಒಂದಡಿ ಹಿಂದೆಮುಂದೆ ಮಾಡಿದರೂ ಆಕ್ಸಲ್‌ಗಳ ಭಾರ ಬದಲಾಗುತ್ತದೆ. ಆದ್ದರಿಂದ ಏರಿಸಿದ ಮೇಲೆ ಕಾಟಾಕ್ಕೆ ಒಯ್ದು ಒಟ್ಟು ತೂಕದ ಜೊತೆಗೆ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆಬೇರೆ ತೂಗಿಸಿ.

ಯುರೋಪಿನ ಮಾನದಂಡವನ್ನು ನಾನು ಪಾಲಿಸುತ್ತೇನೆ: ಕಟ್ಟಿದ ಸರಪಳಿ ಮುಂದಕ್ಕೆ ಯಂತ್ರದ ಭಾರದ ಶೇ 80ರಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ 50ರಷ್ಟು ಎಳೆತ ತಡೆಯಬೇಕು. 20 ಟನ್ನಿನ ಪೇವರ್ ಜೋರಾಗಿ ಬ್ರೇಕ್ ಹಾಕಿದಾಗ 16 ಟನ್ನಿನ ಒತ್ತಡದಲ್ಲಿ ಡ್ರೈವರ್ ಕ್ಯಾಬಿನ್ ಕಡೆ ನುಗ್ಗುತ್ತದೆ ಎಂದು ಕಣ್ಣಮುಂದೆ ತಂದುಕೊಳ್ಳಿ. ನಾಲ್ಕು ಮೂಲೆಗೆ ನಾಲ್ಕು ಸರಪಳಿ, ಕಂಪನಿ ಗುರುತು ಮಾಡಿದ ಕೊಂಡಿಗಳಿಗೇ. ನಡುವಿನ ಕೀಲಿನಲ್ಲಿ ಹೊರಳುವ ರೋಲರ್, ಲೋಡರ್‌ಗಳಿಗೆ ಲಾಕ್ ಪಿನ್ ಹಾಕಿ. ಪೇವರಿನ ಹಿಂದಿನ ಸ್ಕ್ರೀಡ್ (ಡಾಂಬರು ಸಮ ಮಾಡುವ ಭಾಗ) ಹೈಡ್ರಾಲಿಕ್ ಮೇಲೆ ತೂಗುತ್ತಿರಬಾರದು. ಮರದ ತುಂಡಿನ ಮೇಲೆ ಕೂಡಿಸಿ ಕಟ್ಟಿ. ಬ್ಯಾಟರಿ ವೈರ್ ಬಿಚ್ಚಿ, ಸೈಲೆನ್ಸರ್ ಬಾಯಿಗೆ ಚೀಲ ಕಟ್ಟಿ.

ಹೊರಟು ಇಪ್ಪತ್ತು–ಮೂವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಸರಪಳಿ ನೋಡಿ. ಅಷ್ಟರಲ್ಲಿ ಯಂತ್ರ ಕುಳಿತು ಸರಪಳಿ ಸಡಿಲಾಗಿರುತ್ತದೆ. ಹೊಸ ಡ್ರೈವರ್‌ಗಳು ಇದನ್ನು ಬಿಡುತ್ತಾರೆ, ಚಾಚಾ ಎಂದೂ ಬಿಟ್ಟವರಲ್ಲ. ಕೈಯಿಂದ ಪ್ರತಿ ಸರಪಳಿ ತಟ್ಟಿ ಸಪ್ಪಳ ಕೇಳುತ್ತಾರೆ. ಬಿಗಿ ಇದ್ದದ್ದು ಒಂದು ದನಿ, ಸಡಿಲಾದದ್ದು ಇನ್ನೊಂದು.

ದಾರಿಯಲ್ಲಿ

ಮುಂದೆ ಪೈಲಟ್ ಜೀಪು, ಅದಕ್ಕೆ ಗಾಡಿ ಮೇಲಿನ ಯಂತ್ರದ ತಲೆಗಿಂತ ಒಂದು ಗೇಣು ಎತ್ತರದ ಪ್ಲಾಸ್ಟಿಕ್ ಕೋಲು. ಕೋಲು ಯಾವುದಕ್ಕಾದರೂ ತಾಗಿದರೆ ಹಿಂದಿನ ಗಾಡಿ ನಿಲ್ಲಬೇಕು. ಹಗಲಿಗೆ ಕೆಂಪು ಬಾವುಟ, ರಾತ್ರಿಗೆ ಕೆಂಪು ದೀಪ. ಓಡಾಟದ ಹೊತ್ತು ಪರವಾನಗಿಯಲ್ಲಿ ಬರೆದಷ್ಟೇ.

ಭಾರದ ಗಾಡಿ ಸೇತುವೆ ದಾಟುವಾಗ ರಸ್ತೆಯ ನಡುವೆ, ಒಂದೇ ಗಾಡಿ, ಗಂಟೆಗೆ 5 ಕಿಲೋಮೀಟರ್ ವೇಗ, ನಡುವೆ ಬ್ರೇಕ್ ಇಲ್ಲ. ಬ್ರೇಕ್ ಹಾಕಿದರೆ ಆ ಎಳೆತ ಬೇರಿಂಗ್ ಮೂಲಕ ಸೇತುವೆಯ ಕಂಬಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ನೀರು ಏರಿದ ಸುದ್ದಿ ಕೇಳಿಕೊಂಡೇ ಹೊರಡಿ. ಗೋಕಾಕದ ಲೋಳಸೂರ ಸೇತುವೆ ಘಟಪ್ರಭೆಯಲ್ಲಿ ಮುಳುಗುವುದು ನಮ್ಮವರಿಗೆ ಗೊತ್ತಿದ್ದದ್ದೇ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಸಾಲಾಗಿ ಬರುತ್ತವೆ, ಹಿಂದೆ ದೀಪ ಇರುವುದು ಅಪರೂಪ. ರೈತನ ಕಬ್ಬು ಒಣಗಿದರೆ ತೂಕ ಹೋಗುತ್ತದೆ, ಅವನಿಗೆ ಅವಸರ ಇರುವುದು ನ್ಯಾಯವೇ. ನಾವೇ ಬದಿಗೆ ನಿಂತು ದಾರಿ ಕೊಡುವುದು ಒಳ್ಳೆಯದು. ಆದರೆ ಬದಿ ಎಂದರೆ ಗಟ್ಟಿ ನೆಲ. ಮಳೆ ಕುಡಿದ ಎರಿ ಮಣ್ಣಿಗೆ ಗಾಲಿ ಇಳಿಸಿದರೆ ಕ್ರೇನ್ ಬರುವವರೆಗೆ ಅಲ್ಲೇ.

ಇಳಿಸುವ ಜಾಗ

ಕ್ಯಾಂಪಿನಲ್ಲಿ ಗಾಡಿ ಬರುವ ವಾರ ಮೊದಲೇ ಗರಸು ಹಾಕಿ, ನೀರು ಹೊಡೆದು, ರೋಲರ್ ಆಡಿಸಿದ ಸಮತಟ್ಟಾದ ಜಾಗ ಬೇಕು. ಗಾಡಿ ತಿರುಗಿ ಹೊರಗೆ ಹೋಗಲೂ ಅಷ್ಟೇ ಗಟ್ಟಿ ದಾರಿ ಇರಲಿ.

ಸರಪಳಿ ಬಿಚ್ಚುವ ಮೊದಲು ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಗಂಟೆ ಮೀಟರಿನದನ್ನೂ. ಬಂದರಿನಲ್ಲಿ ತೆಗೆದ ಫೋಟೊಗಳ ಜೊತೆ ಇಟ್ಟು ನೋಡಿ. ಏಟು, ಗೀರು, ಎಣ್ಣೆ ಸೋರಿಕೆ ಕಂಡರೆ ಲಾರಿ ರಸೀದಿಯ ಮೇಲೆಯೇ ಬರೆದು ಸಹಿ ಹಾಕಿಸಿಕೊಂಡು, ಅಂದೇ ವಿಮೆಯವರಿಗೆ ತಿಳಿಸಿ. ‘ನಾಳೆ ನೋಡೋಣ’ ಎಂದು ಖಾಲಿ ರಸೀದಿಗೆ ಸಹಿ ಮಾಡಿದರೆ ಆಮೇಲೆ ಕೇಳುವವರಿಲ್ಲ. ಯಂತ್ರ ಇಳಿಯುವಾಗ ರ‍್ಯಾಂಪಿನ ಎರಡೂ ಬದಿಗೆ ಯಾರೂ ನಿಲ್ಲಬಾರದು. ಸನ್ನೆ ಮಾಡುವವರು ಒಬ್ಬರೇ ಇರಲಿ, ಆಪರೇಟರ್ ಕಣ್ಣಿಗೆ ಕಾಣುವಂತೆ ದೂರದಲ್ಲಿ.