ಕುಟುಪಾಲಂಗ್ ಶಿಬಿರದಲ್ಲಿ ಕುಡಿಯುವ ನೀರಿಗೆ ಕ್ಲೋರಿನ್

2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಮ್ಯಾನ್ಮಾರ್ ತೊರೆದು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದರು. ಅಲ್ಲಿನ ಕುಟುಪಾಲಂಗ್ ಗುಡ್ಡಗಳಲ್ಲಿ ಅವಸರಕ್ಕೆ ಕೊರೆದ, ಆಳವಿಲ್ಲದ ಕೊಳವೆಬಾವಿಗಳ ಪಕ್ಕದಲ್ಲೇ ಶೌಚದ ಗುಂಡಿಗಳೂ ಎದ್ದವು. ನಡುವೆ 30 ಮೀಟರ್ ಬಿಡಲು ಜಾಗವೆಲ್ಲಿ? ಅಂಥ ನೀರಿಗೆ ಕ್ಲೋರಿನ್ ಹಾಕದೆ ಕುಡಿಯಲು ಕೊಡುವಂತೆಯೇ ಇಲ್ಲ.

ಎಷ್ಟು ಹಾಕಬೇಕೆಂದು ಡಬ್ಬದ ಮೇಲಿನ ಬರಹ ನಂಬಿ ತೀರ್ಮಾನಿಸಬಾರದು. ಟಾರ್ಪಾಲಿನ್ ಗೋದಾಮಿನ ಸೆಕೆ, ತೇವಕ್ಕೆ ಪುಡಿಯ ಸತ್ವ ಇಳಿಯುತ್ತಲೇ ಇರುತ್ತದೆ. ಶೇ 70 ಕ್ಲೋರಿನ್ ಇರುವ ಎಚ್‌ಟಿಎಚ್ ಪುಡಿಯಾದರೆ ಲೀಟರಿಗೆ 15 ಗ್ರಾಂ, ನಮ್ಮೂರ ಬಾವಿಗೆ ಹಾಕುವಂಥ ಬ್ಲೀಚಿಂಗ್ ಪೌಡರ್ ಆದರೆ 33 ಗ್ರಾಂ ಕದಡಿದರೆ ಶೇ 1ರ ದ್ರಾವಣ. ಗಷ್ಟು ಕೂತ ಮೇಲೆ ತಿಳಿಯನ್ನಷ್ಟೇ ಬಸಿದುಕೊಳ್ಳುತ್ತೇವೆ. 20 ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಕೆಟ್ಟಿಗೆ ಸಿರಿಂಜಿನಲ್ಲಿ 1, 1.5, 2, 2.5 ಮಿ.ಲೀ. ಬಿಟ್ಟು, ಕಲಕಿ, ಅರ್ಧ ಗಂಟೆ ಕಾದು ಕ್ಲೋರಿನ್ ಇದ್ದಷ್ಟು ನೀರಿಗೆ ಬಣ್ಣ ತರುವ ಡಿಪಿಡಿ ಮಾತ್ರೆ ಹಾಕಿ ನೋಡುವುದು. ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದ ಬಕೆಟ್ಟೇ ಲೆಕ್ಕಕ್ಕೆ. ಅದು 2 ಮಿ.ಲೀ. ಹಾಕಿದ್ದಾದರೆ 10,000 ಲೀಟರ್ ಟ್ಯಾಂಕಿಗೆ 1 ಲೀಟರ್ ದ್ರಾವಣ ಬೇಕು. ಹೊಸ ಡಬ್ಬ ತೆರೆದಾಗ, ಜೋರು ಮಳೆ ಬಂದ ಮರುದಿನ ಮತ್ತೆ ಇದೇ ಪರೀಕ್ಷೆ. ಕದಡು 5 ಎನ್‌ಟಿಯು (ಕದಡು ಅಳೆಯುವ ಮಾನ) ದಾಟಿದ್ದರೆ ಮೊದಲು ಪಟಿಕ ಹಾಕಿ ತಿಳಿಯಾಗಿಸಬೇಕು. ಇಲ್ಲದಿದ್ದರೆ ಕೆಸರೇ ಕ್ಲೋರಿನ್ ನುಂಗಿಬಿಡುತ್ತದೆ.

ಪಂಪಿನ ಡೀಸೆಲ್ ಇರುವ ಗೋದಾಮಿನಲ್ಲಿ ಈ ಪುಡಿ ಇಡಲೇಬೇಡಿ. ಎರಡೂ ಬೆರೆತರೆ ಬೆಂಕಿ.

ತುರ್ತು ನೆರವಿನ ಕೆಲಸಕ್ಕಿರುವ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡ ಹೇಳುವ, ಲೀಟರಿಗೆ 0.2ರಿಂದ 0.5 ಮಿ.ಗ್ರಾಂ ಉಳಿದ ಕ್ಲೋರಿನ್ ಎಂಬುದು ನಲ್ಲಿಯ ಬಳಿಯ ಅಳತೆ. ಮಗು ಕುಡಿಯುವುದು ಗುಡಿಸಲಿನ ಕೊಲ್ಶಿಯಿಂದ. ನಮ್ಮ ಬಿಂದಿಗೆಯಂಥ ಈ ಅಲ್ಯುಮಿನಿಯಂ ಪಾತ್ರೆಯ ಕಿರಿದಾದ ಕಂಠದೊಳಗೆ ಕೈ ಹೋಗುವುದಿಲ್ಲ. ಅದು ಒಳ್ಳೆಯದೇ, ಆದರೆ ತಿಕ್ಕಿ ತೊಳೆಯಲೂ ಆಗದೆ ಒಳಗೆ ಲೋಳೆ ಕಟ್ಟುತ್ತದೆ. ಬೆಳಿಗ್ಗೆ ನಲ್ಲಿಯಲ್ಲಿ 0.5 ಇದ್ದದ್ದು ಸಂಜೆಗೆ ಅಲ್ಲಿ ಸೊನ್ನೆಯಾಗಬಹುದು. ಆಗ ಟ್ಯಾಂಕಿಗೆ ಇನ್ನಷ್ಟು ಸುರಿಯಲು ಕೈ ಹೋಗುತ್ತದೆ. ನಾನು ಮೊದಲು ಪಾತ್ರೆ ತೊಳೆಸುತ್ತೇನೆ: ಒಂದು ಹಿಡಿ ಸಣ್ಣ ಜಲ್ಲಿ, ಸ್ವಲ್ಪ ದ್ರಾವಣ, ಚೆನ್ನಾಗಿ ಕುಲುಕಿ ಕೂಡಲೇ ಜಾಲಿಸುವುದು, ಬಿಟ್ಟರೆ ಅಲ್ಯುಮಿನಿಯಂ ಕೊರೆಯುತ್ತದೆ. ಆಮೇಲೂ ಸಂಜೆಗೆ 0.2 ಉಳಿಯದಿದ್ದರೆ ಮಾತ್ರ ಪ್ರಮಾಣ ಏರಿಸುವುದು, ಅದೂ ಸ್ವಲ್ಪ ಸ್ವಲ್ಪವಾಗಿ. ವಾಸನೆ ಹೆಚ್ಚಾದರೆ ಹೆಂಗಸರು ಹಳೆಯ ಕೊಳವೆಬಾವಿಗೇ ಮರಳುತ್ತಾರೆ. ಹಾಗಾಗಿ ರುಚಿಯ ಬಗ್ಗೆ ಅವರನ್ನೇ ಕೇಳಬೇಕು, ಶಿಬಿರದ ಆ ಬ್ಲಾಕಿನ ಮುಖಂಡನಾದ ಮಾಝಿಯನ್ನಲ್ಲ. ಕೇಳಲು ಹೋಗುವವರೂ ಹೆಂಗಸರೇ ಆಗಿರಬೇಕು.