ಟ್ರ್ಯಾಕ್ಟರ್ ಬಲ್ಲವರಿಗೆ ಇಂಗ್ಲಿಷ್ ಪದ ಬಿಡಿಸುವ ದಾರಿ

ಕಬ್ಬು ಕಟಾವಿನ ದಿನಗಳಲ್ಲಿ ಮಂಡ್ಯ ಸೀಮೆಯ ಯಾವ ರಸ್ತೆಯಲ್ಲಿ ನಿಂತರೂ ಮೊದಲು ಕಾಣುವುದು ಟ್ರ್ಯಾಕ್ಟರ್. ನಾನು ಪಾಠ ಮಾಡುವ ತರಗತಿಯ ಕಿಟಕಿಯಿಂದ ಕಾಣುವುದೂ ಅದೇ. ಒಂದು ಮಧ್ಯಾಹ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗಟ್ಟಿಯಾಗಿ ಇಂಗ್ಲಿಷ್ ಪಾಠ ಓದುತ್ತಾ ‘ಡಿಸ್ಟ್ರ್ಯಾಕ್ಟ್’ ಎಂಬಲ್ಲಿ ತಡೆದು ನಿಂತಳು.

“ಮೇಡಂ, ಇದರ ಅರ್ಥ ಗೈಡಿನಲ್ಲಿ ಕೊಟ್ಟಿಲ್ಲ.”

“ಹೊರಗೆ ಹೋಗುತ್ತಿದೆಯಲ್ಲ, ಅದೇನು?”

“ಟ್ರ್ಯಾಕ್ಟರ್.”

“ಅದರ ಕೆಲಸ?”

“ಕಬ್ಬಿನ ಗಾಡಿ ಎಳೆಯುವುದು.”

“ಹಾಗಾದರೆ ಟ್ರ್ಯಾಕ್ಟ್ ಎಂದರೆ ಎಳೆ. ಡಿಸ್ ಎಂದರೆ ಬೇರೆ ಕಡೆಗೆ. ಈಗ ನೀನೇ ಹೇಳು.”

ಅವಳು ತುಸು ಯೋಚಿಸಿ, “ಓದಲು ಕುಳಿತಾಗ ಟಿ.ವಿ. ಸದ್ದು ಮನಸ್ಸನ್ನು ಅತ್ತ ಎಳೆಯುತ್ತದಲ್ಲ, ಅದೇ ಏನು ಮೇಡಂ?” ಎಂದಳು. ಅದೇ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪದಗಳ ಬಲ ಕಡಿಮೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇಕಾದ ಉಪಕರಣವನ್ನು ಕನ್ನಡ ವ್ಯಾಕರಣದ ಪಾಠ ಅವರ ಕೈಗೆ ಆಗಲೇ ಕೊಟ್ಟಿದೆ. ಅದರ ಹೆಸರು ಉಪಸರ್ಗ, ಅಂದರೆ ಪದದ ಮೊದಲಿಗೆ ಸೇರಿ ಅರ್ಥ ಬದಲಿಸುವ ತುಣುಕು. ‘ಹಾರ’ದ ಹಿಂದೆ ಆ, ವಿ, ಸಂ, ಪ್ರ, ಪರಿ ಸೇರಿದಾಗ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಆಗುವುದನ್ನು ಅವರು ಬಾಯಿಪಾಠ ಮಾಡಿರುತ್ತಾರೆ. ಇಂಗ್ಲಿಷಿನ ಇಂಥ ಪದಗಳ ಮೂಲವಾದ ಲ್ಯಾಟಿನ್ ಮಾಡುವುದೂ ಇದನ್ನೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು 1786ರಲ್ಲಿ. ಲ್ಯಾಟಿನ್ನಿನ ‘ಪ್ರೊ’ ನಮ್ಮ ‘ಪ್ರ’ದ ಬಳಗ, ‘ಇಂಟರ್’ ನಮ್ಮ ‘ಅಂತರ್’, ‘ಸೂಪರ್’ ನಮ್ಮ ‘ಉಪರಿ’. ಇಂಗ್ಲಿಷಿಗೆ ಈ ಪದಗಳು ಬಂದ ದಾರಿ ಎರಡು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮೂಲಕ ಒಂದಷ್ಟು ಬಂದವು, ವಿದ್ವಾಂಸರ ಬರಹಗಳಿಂದ ನೇರವಾಗಿ ಇನ್ನಷ್ಟು ಬಂದವು.

ಮೊದಲ ಹೆಜ್ಜೆ, ಗೊತ್ತಿರುವ ಪದದಿಂದ ಹೊರಡುವುದು. ಐವತ್ತು ಉಪಸರ್ಗಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ಉರು ಹೊಡೆಸುವುದು ಬೇಡ. ಪರೀಕ್ಷೆ ಮುಗಿದ ಮರುದಿನವೇ ಅದು ಮರೆತುಹೋಗುತ್ತದೆ. ಮೊಬೈಲ್ ಅಂಗಡಿಗೆ ಹೋಗಿ ನೋಡಿ. ದುಡ್ಡು ಮೊದಲು ಕೊಟ್ಟರೆ ಪ್ರೀಪೇಯ್ಡ್, ಆಮೇಲೆ ಕೊಟ್ಟರೆ ಪೋಸ್ಟ್‌ಪೇಯ್ಡ್, ಮತ್ತೆ ತುಂಬಿಸಿದರೆ ರೀಚಾರ್ಜ್. ಮೂರು ಉಪಸರ್ಗಗಳು ಅಲ್ಲೇ ಸಿಕ್ಕವು. ಗದ್ದೆಯ ಬದುವಿನ ಆಚೆ ನಿಂತಿರುವ ಟ್ರಾನ್ಸ್‌ಫಾರ್ಮರ್‌ನಲ್ಲಿ ‘ಟ್ರಾನ್ಸ್’ ಎಂದರೆ ಆಚೆಗೆ, ಒಂದರಿಂದ ಇನ್ನೊಂದಕ್ಕೆ. ‘ಫಾರ್ಮ್’ ಎಂದರೆ ರೂಪ. ಇಲಾಖೆಯ ಕಾಗದಗಳಲ್ಲಿ ಅದು ವಿದ್ಯುತ್ ಪರಿವರ್ತಕ.

ಮೈಸೂರಿನಲ್ಲಿ ಇಳಿದವರಿಗೆ ಇನ್ನೂ ಒಳ್ಳೆಯ ಉದಾಹರಣೆ ಸಬರ್ಬನ್ ಬಸ್ ನಿಲ್ದಾಣ. ಲ್ಯಾಟಿನ್ನಿನಲ್ಲಿ ‘ಉರ್ಬ್ಸ್’ ಎಂದರೆ ನಗರ. ‘ಸಬ್’ ಎಂದರೆ ಕೆಳಗೆ, ಹತ್ತಿರ. ನಮ್ಮ ‘ಉಪ’ಕ್ಕೂ ಇವೇ ಅರ್ಥಗಳಿವೆ, ಎರಡೂ ಒಂದೇ ಬೇರಿನವು. ಹಾಗಾಗಿ ಸಬರ್ಬ್ ಅನ್ನು ಬಿಡಿಸಿದರೆ ಸಿಗುವುದು ನೇರವಾಗಿ ‘ಉಪನಗರ’. ಸಬ್ ರಿಜಿಸ್ಟ್ರಾರ್ ಉಪನೋಂದಣಾಧಿಕಾರಿ ಆದದ್ದೂ ಹೀಗೆಯೇ.

ಎರಡನೆಯದು, ಧಾತುವನ್ನು, ಅಂದರೆ ಪದದ ಮೂಲ ಭಾಗವನ್ನು, ಹಾಗೆಯೇ ಇಟ್ಟು ಉಪಸರ್ಗವನ್ನು ಬದಲಿಸುತ್ತಾ ಹೋಗುವುದು. ಇಡೀ ವಿಧಾನದ ಜೀವ ಇಲ್ಲಿದೆ. ಟ್ರ್ಯಾಕ್ಟರ್‌ಗೇ ಮರಳೋಣ. ‘ಎಕ್ಸ್’ ಎಂದರೆ ಹೊರಗೆ. ಎಕ್ಸ್‌ಟ್ರ್ಯಾಕ್ಟ್ ಎಂದರೆ ಹೊರಕ್ಕೆ ಎಳೆ, ಅಂದರೆ ಹಿಂಡಿ ತೆಗೆ. ಗಾಣದಲ್ಲಿ ಕಬ್ಬಿನಿಂದ ಹಾಲು ತೆಗೆಯುವುದು, ಶ್ರೀಗಂಧದ ಚೆಕ್ಕೆಯಿಂದ ಎಣ್ಣೆ ತೆಗೆಯುವುದು, ದವಾಖಾನೆಯಲ್ಲಿ ಹಲ್ಲು ಕೀಳುವುದು ಎಲ್ಲಕ್ಕೂ ಅದೇ ಪದ. ‘ಕಾನ್’ ಎಂದರೆ ಒಟ್ಟಿಗೆ. ಇಬ್ಬರನ್ನು ಒಂದು ಕರಾರಿನೊಳಗೆ ಎಳೆದು ಕಟ್ಟುವುದು ಕಾಂಟ್ರ್ಯಾಕ್ಟ್. ವಿಜ್ಞಾನ ಪಾಠದಲ್ಲಿ ಅದೇ ಪದ ಬಂದರೆ ‘ಸಂಕುಚಿಸು’ ಎಂದಾಗುತ್ತದೆ; ಅಲ್ಲೂ ಒಟ್ಟಿಗೆ ಎಳೆದುಕೊಳ್ಳುವ ಕ್ರಿಯೆಯೇ ಇದೆ. ‘ರಿ’ ಎಂದರೆ ಹಿಂದಕ್ಕೆ, ಮತ್ತೆ. ಆಡಿದ ಮಾತನ್ನು ಹಿಂದಕ್ಕೆ ಎಳೆದುಕೊಂಡರೆ ರಿಟ್ರ್ಯಾಕ್ಟ್. ಗಣಿತದ ಸಬ್‌ಟ್ರ್ಯಾಕ್ಷನ್ ಎಂದರೆ ಇರುವುದರ ಅಡಿಯಿಂದ ಒಂದಷ್ಟನ್ನು ಎಳೆದು ತೆಗೆಯುವುದು, ನಮ್ಮ ವ್ಯವಕಲನ.

ಇನ್ನು ‘ಅಟ್ರ್ಯಾಕ್ಟ್’. ‘ಅಡ್’ ಎಂದರೆ ಕಡೆಗೆ. ತನ್ನ ಕಡೆಗೆ ಎಳೆಯುವುದು, ಆಕರ್ಷಿಸುವುದು. ಇಲ್ಲಿ ನಾನು ತರಗತಿಯಲ್ಲಿ ತಪ್ಪದೆ ಐದು ನಿಮಿಷ ನಿಲ್ಲುತ್ತೇನೆ. ಆಕರ್ಷಣೆಯಲ್ಲಿರುವ ಧಾತು ‘ಕೃಷ್’. ಅದರ ಅರ್ಥ ಎಳೆ, ಉಳು. ‘ಕೃಷಿ’ ಹುಟ್ಟಿದ್ದೂ ಅದರಿಂದಲೇ. ‘ಆ’ ಸೇರಿದರೆ ಆಕರ್ಷಣೆ. ‘ವಿ’ ಸೇರಿದರೆ ಆಯಸ್ಕಾಂತದ ಪಾಠದ ವಿಕರ್ಷಣೆ. ನೇಗಿಲು ಎಳೆಯುವ ಯಂತ್ರದ ಹೆಸರಿನಲ್ಲಿರುವ ಲ್ಯಾಟಿನ್ ಧಾತುವೂ, ಉಳುಮೆಯ ಹೆಸರಿನಲ್ಲಿರುವ ಸಂಸ್ಕೃತ ಧಾತುವೂ ಒಂದೇ ಕೆಲಸವನ್ನು ಹೇಳುತ್ತವೆ. ಧ್ವನಿಯಲ್ಲಿ ಅವು ಬೇರೆ ಬೇರೆ, ನಂಟಿನವಲ್ಲ. ಆದರೂ ಎರಡು ಭಾಷೆಗಳೂ ಅರ್ಥವನ್ನು ಒಂದೇ ರೀತಿ ಹೆಣೆದಿವೆ. ರೈತರ ಮನೆಯ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಮೂಡುವ ಬೆರಗನ್ನು ನೋಡುವುದೇ ನನಗೆ ಸಂತೋಷ.

‘ಅಡ್’ ಇದ್ದದ್ದು ‘ಅಟ್’ ಹೇಗಾಯಿತು ಎಂದು ಕೇಳುವವರಿಗೆ ಮೂರನೆಯ ಹೆಜ್ಜೆ: ಸಂಧಿಯನ್ನು ಗಮನಿಸಬೇಕು. ಉತ್ ಮತ್ತು ಲೇಖ ಸೇರಿ ‘ಉಲ್ಲೇಖ’ ಆಗುವಂತೆ, ಲ್ಯಾಟಿನ್ನಿನಲ್ಲೂ ಉಪಸರ್ಗದ ಕೊನೆಯ ವ್ಯಂಜನ ಮುಂದಿನ ಅಕ್ಷರಕ್ಕೆ ಒಗ್ಗಿಕೊಳ್ಳುತ್ತದೆ. ‘ಇನ್’ ಎಂಬ ನಿಷೇಧ ‘ಲೀಗಲ್’ ಮುಂದೆ ಇಲ್ಲೀಗಲ್ ಆಗುತ್ತದೆ, ‘ಪಾಸಿಬಲ್’ ಮುಂದೆ ಇಂಪಾಸಿಬಲ್, ‘ರೆಗ್ಯುಲರ್’ ಮುಂದೆ ಇರ್ರೆಗ್ಯುಲರ್. ‘ಕಾನ್’ ಕೂಡ ಕಾಮ್, ಕಾಲ್, ಕಾರ್ ಎಂದು ವೇಷ ಬದಲಿಸುತ್ತದೆ. ಪಂಚಾಯಿತಿಯ ಬಿಲ್ ಕಲೆಕ್ಟರ್ ಹೆಸರಿನಲ್ಲಿರುವುದು ಈ ‘ಕಾಲ್’. ಒಟ್ಟಿಗೆ ಆಯ್ದು ತರುವವನು ಎಂದು ಅದರ ಅರ್ಥ.

ಈಗ ಎಚ್ಚರಿಕೆಯ ಮಾತು. ‘ಇನ್’ ಎಂಬುದಕ್ಕೆ ‘ಅಲ್ಲ’ ಎಂಬ ಅರ್ಥವೂ ಇದೆ, ‘ಒಳಗೆ’ ಎಂಬ ಅರ್ಥವೂ ಇದೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಇದನ್ನು ‘ಹೊತ್ತಿಕೊಳ್ಳದ್ದು’ ಎಂದು ಓದಿದರೆ ಅಪಾಯ. ಅದು ನಿಷೇಧದ ‘ಇನ್’ ಅಲ್ಲ. ಆ ಪದದ ಅರ್ಥ ಬೇಗ ಹೊತ್ತಿಕೊಳ್ಳುವಂಥದ್ದು ಎಂದೇ. ಆಸ್ಪತ್ರೆಯ ‘ಆಂಟಿನೇಟಲ್’ ಫಲಕವನ್ನೂ ಹೀಗೆಯೇ ತಪ್ಪಾಗಿ ಓದುವ ಸಾಧ್ಯತೆ ಇದೆ. ಆಂಟಿಬಯೋಟಿಕ್‌ನಲ್ಲಿರುವುದು ಗ್ರೀಕಿನ ‘ವಿರುದ್ಧ’. ಆಂಟಿನೇಟಲ್‌ನಲ್ಲಿರುವುದು ಲ್ಯಾಟಿನ್ನಿನ ‘ಮೊದಲು’, ಅಂದರೆ ಹೆರಿಗೆಗೆ ಮುಂಚಿನ ಆರೈಕೆ. ಕಾಗುಣಿತ ನೋಡಿದರೆ ಗೊತ್ತಾಗುತ್ತದೆ: ಗ್ರೀಕಿನದು ಇಂಗ್ಲಿಷಿನ ‘ಐ’ (i) ಅಕ್ಷರದಿಂದ ಮುಗಿಯುತ್ತದೆ, ಲ್ಯಾಟಿನ್ನಿನದು ‘ಇ’ (e) ಅಕ್ಷರದಿಂದ. ಗಡಿಯಾರದ ಎ.ಎಂ. ಕೂಡ ಈ ಲ್ಯಾಟಿನ್ ‘ಮೊದಲು’ ಇರುವ ಪದವೇ, ಮಧ್ಯಾಹ್ನಕ್ಕೆ ಮೊದಲು, ಪಿ.ಎಂ. ಎಂದರೆ ಮಧ್ಯಾಹ್ನದ ನಂತರ.

‘ರಿ’ಯಂತೆ ಕಂಡದ್ದೆಲ್ಲ ಉಪಸರ್ಗವಲ್ಲ, ‘ರೆಡ್’ ಪದವನ್ನು ಬಿಡಿಸಲು ಹೋದರೆ ಏನೂ ಸಿಗುವುದಿಲ್ಲ. ಸರಿಯಾಗಿ ಬಿಡಿಸಿದರೂ ಕೆಲವೊಮ್ಮೆ ಅರ್ಥ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಜಾಮಿಟ್ರಿ ಪೆಟ್ಟಿಗೆಯ ಪ್ರೊಟ್ರ್ಯಾಕ್ಟರ್ ಬಿಡಿಸಿದರೆ ‘ಮುಂದಕ್ಕೆ ಎಳೆಯುವುದು’ ಎಂದು ಬರುತ್ತದೆ. ಅದು ಕೋನಮಾಪಕ ಎಂದು ಯಾರೂ ಊಹಿಸಲಾರರು. ಆದ್ದರಿಂದ ಊಹಿಸಿದ ಅರ್ಥವನ್ನು ವಾಕ್ಯದಲ್ಲಿ ಕೂರಿಸಿ ನೋಡಿ, ಹೊಂದದಿದ್ದರೆ ನಿಘಂಟು ತೆಗೆಯಿರಿ. ಊಹೆಯನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆದು ಆಮೇಲೆ ನಿಘಂಟು ನೋಡಬೇಕೆಂಬುದು ನನ್ನ ಹಟ. ಹಾಗೆ ಸಿಕ್ಕ ಪದ ಮರೆಯುವುದಿಲ್ಲ.

ಮನೆಯಲ್ಲಿ ಮಾಡಿ ನೋಡಲು ಒಂದು ಧಾತು ಕೊಡುತ್ತೇನೆ: ‘ಸ್ಪೆಕ್ಟ್’, ನೋಡು. ಇನ್‌ಸ್ಪೆಕ್ಟರ್ ಒಳಹೊಕ್ಕು ನೋಡುವವರು. ಕಾಲೇಜಿನ ಪ್ರಾಸ್ಪೆಕ್ಟಸ್ ಮುಂದಿನದನ್ನು ನೋಡಲು. ರೆಸ್ಪೆಕ್ಟ್ ಎಂದರೆ ತಿರುಗಿ ನೋಡುವುದು. ದಾರಿಯಲ್ಲಿ ಎದುರಾದ ಹಿರಿಯರನ್ನು ನಾವು ಹಾಗೆಯೇ ನೋಡುತ್ತೇವಲ್ಲವೇ? ‘ಸಸ್ಪೆಕ್ಟ್’ ಬಿಡಿಸಲು ಅದೇ ಒಂಬತ್ತನೇ ತರಗತಿಯ ಹುಡುಗಿಗೆ ಕೊಟ್ಟಿದ್ದೆ. ‘ಸಬ್’ ಎಂದು ಗುರುತಿಸಿ, “ಕೆಳಗಿನಿಂದ ನೋಡುವುದು” ಎಂದು ಪೆನ್ಸಿಲ್‌ನಲ್ಲಿ ಬರೆದಳು. ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದು, ತಲೆ ತಗ್ಗಿಸಿ ಕಣ್ಣು ಮಾತ್ರ ಮೇಲೆತ್ತಿ ಪಕ್ಕದವಳನ್ನು ನೋಡಿದಳು. ಆಮೇಲೆ ಬರೆದದ್ದನ್ನು ಅಳಿಸಿ “ಅನುಮಾನ” ಎಂದು ತಿದ್ದಿದಳು.