ಹಿಟಾಚಿ ಇಳಿಸದೆ ನಾಟಾ ಎಳೆದೆ: ಟ್ರಾಕ್ಟರ್ ವಿಂಚ್‌ಗೆ ಬಂದು ಮುಟ್ಟಿದ ನನ್ನ ಮೂರು ವರ್ಷ

ಈ ಸಲ ಹಳ್ಳದ ಬದಿ ತಾಕಿನಿಂದ ಸುಮಾರು 140 ಸಿಲ್ವರ್ ಓಕ್ ದಿಮ್ಮಿ ಮೇಲಿನ ರಸ್ತೆಗೆ ಬಂದವು. ಬುಡಸಮೇತ ಹೋದ ಕಾಫಿ ಗಿಡ ಐದು. ರೆಂಬೆ ಮುರಿದದ್ದು ಒಂದಷ್ಟು ಇರಬಹುದು, ಅದು ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗಲೂ ಆಗುತ್ತದೆ. ಎಳೆದದ್ದು 45 ಎಚ್‌ಪಿ ಟ್ರಾಕ್ಟರ್. ಹಿಂದೆ ಕಟ್ಟಿದ ವಿಂಚ್, ಅಂದರೆ ರೋಪ್ ಸುತ್ತಿಕೊಂಡು ದಿಮ್ಮಿ ಎಳೆಯುವ ಯಂತ್ರದಿಂದ. ಟ್ರಾಕ್ಟರ್ ರಸ್ತೆ ಬಿಟ್ಟು ಒಂದಡಿಯೂ ಇಳಿಯಲಿಲ್ಲ.

"ಭಾವ, ಇದೆಲ್ಲ ಆಗೋ ಕೆಲಸ ಅಲ್ಲ, ಟ್ರಾಕ್ಟರ್ ಸಮೇತ ಹಳ್ಳಕ್ಕೆ ಹೋಗ್ತೀರಿ" ಅಂದಿದ್ದ ನನ್ನ ಹೆಂಡತಿಯ ತಮ್ಮನೇ ಈಗ ಅವನ ತೋಟಕ್ಕೆ ಬನ್ನಿ ಅಂತ ಕರೆಯುತ್ತಿದ್ದಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರದ ಕಡೆ, ರೊಬಸ್ಟಾ ಕಾಫಿ ತೋಟ. ಮರದ ತುಂಬ ಮೆಣಸಿನ ಬಳ್ಳಿ. ಸಿಲ್ವರ್ ಓಕ್ ಕಡಿಯೋಕೆ ಪರವಾನಗಿಯ ತಲೆನೋವಿಲ್ಲ. ತಲೆನೋವು ಶುರುವಾಗೋದು ಮರ ನೆಲಕ್ಕೆ ಬಿದ್ದ ಮೇಲೆ. ಹಳ್ಳದ ಬದಿ ಇಳಿಜಾರು ಎಷ್ಟಿದೆ ಅಂದರೆ ಕಾಯಿ ಕೊಯ್ಯುವವರು ಒಂದು ಕೈಯಲ್ಲಿ ಗಿಡ ಹಿಡಿದೇ ನಿಲ್ಲಬೇಕು.

ಮೊದಲ ವರ್ಷ ಎಲ್ಲರ ಹಾಗೆ ಮಣ್ಣು ಅಗೆಯುವ ಹಿಟಾಚಿ ಕರೆಸಿದೆ. ಗಂಟೆಗೆ 1,400 ಅಂತ ನೆನಪು. ಆರು ದಿನ ಓಡಿತು, ಬಿಲ್ಲು 65,000 ದಾಟಿತು. ದುಡ್ಡಿಗಿಂತ ಹೊಟ್ಟೆ ಉರಿದದ್ದು ಗಾಡಿ ಇಳಿಯೋಕೆ ಕಡಿದ ದಾರಿ ನೋಡಿ. 83 ಕಾಫಿ ಗಿಡ ಹೋದವು, ನಾನೇ ಎಣಿಸಿದ್ದೇನೆ. ಹೊಸ ಗಿಡ ನೆಟ್ಟು ಫಸಲು ನೋಡೋಕೆ ಮೂರ್ನಾಲ್ಕು ವರ್ಷ ಬೇಕು, ಅಲ್ವಾ? ಜುಲೈ ಮಳೆಗೆ ಅದೇ ದಾರಿ ಹಳ್ಳವಾಗಿ, ಮೇಲಿನ ಗೊಬ್ಬರದ ಮಣ್ಣೆಲ್ಲ ತೊಳೆದುಕೊಂಡು ಹೋಯಿತು. ಗಾಡಿಯದ್ದೂ ತಪ್ಪಲ್ಲ, ಡ್ರೈವರ್ ಹುಡುಗನದ್ದೂ ತಪ್ಪಲ್ಲ. ಆ ಜಾಗ ಅದಕ್ಕಲ್ಲ.

ಎರಡನೇ ವರ್ಷ ಹಳೇ ಪಿಟಿಒ ವಿಂಚ್, ಅಂದರೆ ಟ್ರಾಕ್ಟರ್ ಇಂಜಿನ್ನಿನ ಬಲದಿಂದಲೇ ತಿರುಗುವಂಥದ್ದು, ಒಂದು ಸಿಕ್ಕಿತು. 1,10,000 ಕೊಟ್ಟೆ. ಹಿಂದೆ ನೆಲಕ್ಕೆ ಊರಿ ನಿಲ್ಲೋ ಬ್ಲೇಡ್ ಹಾಸನದಲ್ಲಿ ವೆಲ್ಡಿಂಗ್ ಮಾಡಿಸಿದ್ದಕ್ಕೆ 18,000. 12 ಎಂಎಂ ಉಕ್ಕಿನ ರೋಪ್ 60 ಮೀಟರ್, ಹೆಚ್ಚು ಕಡಿಮೆ 9,000. ರೋಪ್ ತಿರುಗಿಸೋಕೆ ಮರಕ್ಕೆ ಕಟ್ಟುವ ರಾಟೆಗೆ ಮಾತ್ರ ದುಡ್ಡು ಉಳಿಸೋಣ ಅಂತ ಲೇತ್‌ನಲ್ಲಿ ಮೂರಿಂಚಿನದ್ದು ಮಾಡಿಸಿಕೊಂಡೆ. ಕೆಟ್ಟದ್ದು ಅಲ್ಲೇ. ಅಷ್ಟು ಸಣ್ಣ ರಾಟೆಯ ಮೇಲೆ ದಪ್ಪ ರೋಪ್ ಬಾಗಿ ಬಾಗಿ ಒಳಗಿನ ತಂತಿ ಮುರಿಯುತ್ತವೆ. ಕೈಗವಸಿಗೆ ತಂತಿ ಚುಚ್ಚೋಕೆ ಶುರುವಾದಾಗಲೇ ನಿಲ್ಲಿಸಬೇಕಿತ್ತು, ಇನ್ನು ನಾಲ್ಕೇ ದಿಮ್ಮಿ ಅಂತ ಎಳೆದೆ. ಎರಡನೇ ದಿಮ್ಮಿ ಹಳೇ ಬೊಡ್ಡೆಗೆ ಸಿಕ್ಕಿಕೊಂಡಿತು, ರೋಪ್ ಬಿಗಿಯಿತು, ಕೋವಿ ಹೊಡೆದ ಹಾಗೆ ಸದ್ದಾಯಿತು. ತುಂಡಾದ ತುದಿ ಹಿಂದಕ್ಕೆ ಬೀಸಿ ರಸ್ತೆ ಪಕ್ಕದ ಸಿಲ್ವರ್ ಓಕ್‌ಗೆ ಬಡಿದ ಗುರುತು ಈಗಲೂ ಇದೆ, ನನ್ನ ಎದೆಮಟ್ಟಕ್ಕೆ, ಹೆಬ್ಬೆರಳು ಪೂರ್ತಿ ಮುಳುಗುವಷ್ಟು ಆಳ. ಆಳುಗಳನ್ನು ರೋಪಿನ ಸಾಲಿನಿಂದ ದೂರ ನಿಲ್ಲಿಸಿದ್ದೆ, ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನವೇ ಏಳಿಂಚಿನ ರಾಟೆ ಎರಡು ತಂದೆ, ಪಕ್ಕ ತೆರೆದು ರೋಪ್ ಕೂರಿಸುವಂಥವು. ಒಂದಕ್ಕೆ 7,500. ಮರಕ್ಕೆ ಚೈನ್ ಬದಲು ಅಗಲದ ನೈಲಾನ್ ಬೆಲ್ಟ್, ಅದು 2,200. ಚೈನ್ ಸುತ್ತಿದ್ದ ಹಲಸಿನ ಮರದ ತೊಗಟೆ ಸುತ್ತಲೂ ಸುಲಿದು ಒಂದು ಕೊಂಬೆ ಒಣಗಿತ್ತು. ಅಜ್ಜ ನೆಟ್ಟ ಮರ ಅದು.

ರಾಟೆ ಕಟ್ಟುವ ಮರ ಆರಿಸೋದು ಅರ್ಧ ಕೆಲಸ. ರೋಪನ್ನು 90 ಡಿಗ್ರಿ ತಿರುಗಿಸಿದರೆ ಆ ಮರದ ಮೇಲೆ ಬೀಳೋದು ಎಳೆತದ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಬುಡದಲ್ಲೇ ಕಟ್ಟಿ, ಸಿಲ್ವರ್ ಓಕ್‌ಗೆ ಕಟ್ಟಬೇಡಿ, ಅದು ಲಟಕ್ಕನೆ ಮುರಿಯುವ ಮರ. ಹಲಸು, ನೇರಳೆ, ಅತ್ತಿ ಆದೀತು. ನಾನು ಸಾಲಿಗೆ ಎರಡು ರಾಟೆ ಹಾಕಿ, ಕಾಫಿ ಸಾಲುಗಳ ನಡುವಿನ ಓಣಿಯಲ್ಲೇ ದಿಮ್ಮಿ ಬರುವ ಹಾಗೆ ತಿರುಗಿಸುತ್ತೇನೆ.

ಇಷ್ಟಾದರೂ ದಿಮ್ಮಿ ಹತ್ತಡಿಗೊಮ್ಮೆ ನಿಲ್ಲುತ್ತಿತ್ತು. ಮೂತಿ ಮಣ್ಣಿಗೆ ಇಳಿಯೋದು, ಬೇರಿಗೆ ಸಿಕ್ಕಿಕೊಳ್ಳೋದು. ಹಾರೆ ಹಾಕಿ ಎಬ್ಬಿಸಿ ಎಬ್ಬಿಸಿ ಆಳುಗಳು ಸುಸ್ತಾದರು. ದಿನಕ್ಕೆ ಎಂಟು ದಿಮ್ಮಿ ಬಂದರೆ ಹೆಚ್ಚು. ಹಿಂದೆ ಕೂಪಿನಲ್ಲಿ (ಕಾಡಿನಲ್ಲಿ ಮರ ಕಡಿಯುವ ಜಾಗ) ಆನೆ ಜೊತೆ ನಾಟಾ ಎಳೆಸಿದ್ದ ಮುದುಕರೊಬ್ಬರು ನಮ್ಮ ಆಳುಗಳ ಲೈನ್ ಮನೆಯಲ್ಲಿದ್ದಾರೆ. ದುಬಾರೆ, ಸಕ್ರೆಬೈಲು ಶಿಬಿರದ ಆನೆಗಳೂ ಆಗ ಇದೇ ಕೆಲಸ ಮಾಡಿದವೇ. ಆ ಮುದುಕರು ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ ಹೇಳಿದರು: "ಅಯ್ಯಾ, ಆನೆ ಹಗ್ಗ ಹಲ್ಲಲ್ಲಿ ಕಚ್ಚಿ ಮೊದ್ಲು ಮೂತಿ ಎತ್ತುತ್ತಿತ್ತು, ಆಮೇಲೆ ಎಳೀತಿತ್ತು. ನೀವು ಮೂತಿ ಮಣ್ಣಿಗೆ ಒತ್ತಿ ಎಳೀತಿದ್ದೀರಿ."

ಎತ್ತೋಕೆ ಅಂತ ರಾಟೆಯನ್ನು ಮರದ ಮೇಲೆ ಹನ್ನೆರಡು ಅಡಿಗೆ ಕಟ್ಟಿ ನೋಡಿದೆ. ಮರವೇ ಬೇರು ಸಮೇತ ಅಲ್ಲಾಡಿತು, ಬಿಟ್ಟೆ. ಆಮೇಲೆ ಹೊಳೆದದ್ದು 200 ಲೀಟರ್ ನೀಲಿ ಪ್ಲಾಸ್ಟಿಕ್ ಡ್ರಮ್. ಅರ್ಧ ಕತ್ತರಿಸಿ ದಿಮ್ಮಿಯ ಮೂತಿಗೆ ಟೋಪಿ ಹಾಕಿ, ತಳದ ತೂತಿನಲ್ಲಿ ಚೈನ್ ತೂರಿಸಿದೆ. ಮೊದಲನೆಯದು ಹನ್ನೊಂದು ದಿಮ್ಮಿಗೆ ಹರಿಯಿತು. ಚಪ್ಪಟೆ ತಳ ಬೇರಿಗೆ ತಾಗುತ್ತಿತ್ತು. ಕಬ್ಬಿಣದ ತಗಡಿನಲ್ಲಿ ಮಾಡಿಸಿದೆ, 28 ಕೆಜಿ ಬಂತು, ಅದನ್ನು ಹೊತ್ತು ಇಳಿಯೋಕೆ ಯಾರೂ ಒಪ್ಪಲಿಲ್ಲ. ನ್ಯಾಯವೇ. ಕೊನೆಗೆ ಡ್ರಮ್ಮನ್ನೇ ಬಿಸಿ ಮಾಡಿ, ಮಡಿಸಿ ಚೂಪು ಮಾಡಿದೆ. ಆ ಮಡಿಕೆ ಹೇಗೆ, ಚೈನಿನ ಗಂಟು ದಿಮ್ಮಿಯ ಯಾವ ಬದಿಗೆ ಬರಬೇಕು ಅನ್ನೋದನ್ನು ಇಲ್ಲಿ ಬರೆಯೋಲ್ಲ. ಎರಡು ಮಳೆಗಾಲ ಕೂತು ಕಲಿತದ್ದು. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಟೋಪಿ ಹಾಕಿದ ಮೇಲೆ ದಿಮ್ಮಿ ಬೊಡ್ಡೆಗೆ ತಾಗಿದರೂ ಜಾರಿ ಪಕ್ಕಕ್ಕೆ ಹೊರಳಿ ಬರುತ್ತದೆ. ನಾಲ್ಕಡಿ ಸುತ್ತಳತೆ, ಹತ್ತಡಿ ಉದ್ದದ ಹಸಿ ದಿಮ್ಮಿ, ಮುನ್ನೂರು ಕೆಜಿ ಮೇಲೆಯೇ ಇರುತ್ತದೆ, ಅದು ಓಣಿಯಲ್ಲಿ ತಾನೇ ದಾರಿ ನೋಡಿಕೊಂಡು ಹತ್ತಿ ಬರೋದನ್ನು ನೋಡೋಕೆ ಅಕ್ಕಪಕ್ಕದ ತೋಟದ ಲೆಕ್ಕ ಬರೆಯುವ ರೈಟರುಗಳೂ ಬಂದು ನಿಂತಿದ್ದರು. ಈಗ ದಿನಕ್ಕೆ 22ರಿಂದ 25 ದಿಮ್ಮಿ. ನಾಲ್ಕು ಆಳು, ತಲಾ 900. ಡೀಸೆಲ್ ಗಂಟೆಗೆ ಮೂರು ಲೀಟರ್ ಆಸುಪಾಸು.

ಮಧ್ಯೆ ಬಾಳೆದಿಂಡೂ ಪ್ರಯೋಗ ಮಾಡಿದೆ. ಸೀಳಿ, ಒಳಮೈ ಮೇಲೆ ಮಾಡಿ ದಾರಿಗೆ ಹಾಸಿದರೆ ದಿಮ್ಮಿ ಬೆಣ್ಣೆ ಮೇಲೆ ಜಾರಿದ ಹಾಗೆ ಬರುತ್ತದೆ. ಆದರೆ ಮೂರ್ನಾಲ್ಕು ದಿಮ್ಮಿಗೇ ಅರೆದು ಹೋಗುತ್ತದೆ, ಆಮೇಲೆ ಆಳುಗಳೇ ಜಾರಿ ಬೀಳುತ್ತಾರೆ. ರಸ್ತೆ ಅಂಚಿನ ಕೊನೆಯ ಏರಿಗೆ ಮಾತ್ರ ಈಗಲೂ ಹಾಕುತ್ತೇನೆ.

ರೋಪನ್ನು ಒರೆಸಿ, ಎಣ್ಣೆ ಹಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ಬಾಮೈದನ ತೋಟದಲ್ಲಿ ಅರವತ್ತು ಮರ ಇವೆ. ಅಲ್ಲಿ ರಸ್ತೆ ಕೆಳಗೆ, ಮರ ಮೇಲೆ. ದಿಮ್ಮಿಯನ್ನು ತಡೆದು ತಡೆದು ಇಳಿಸಬೇಕು, ಅದು ಬೇರೆಯೇ ಲೆಕ್ಕ. ಕೊಯ್ಲು ಮುಗಿದು, ಕಾಫಿ ಅರಳಿಸುವ ಹೂವಿನ ಮಳೆ ಬೀಳೋದರೊಳಗೆ ಮುಗಿಸಬೇಕು. ಇನ್ನೊಂದು ರಾಟೆ ಹೇಳಿಟ್ಟಿದ್ದೇನೆ.